ಗುಂಡಿಯಲ್ಲಿ ಕೂರಿಸುವ ಸಲಹೆ ಸಾಕು ಮಾರಾಯ್ರೆ!

ಮೈನ್‌ಕ್ರಾಫ್ಟ್ ಶುರು ಮಾಡೋ ಹುಡುಗರಿಗೆ ಎಲ್ಲರದ್ದೂ ಒಂದೇ ಉಪದೇಶ... ಕತ್ತಲಾಗುತ್ತಲೇ ಗುಂಡಿ ತೋಡಿ, ಮೇಲೆ ಮುಚ್ಚಿ, ಬೆಳಗಿನ ತನಕ ಕೂತಿರು! ಆಟದ ಇಡೀ ದಿನವೇ 20 ನಿಮಿಷ. ಅದರಲ್ಲಿ ಅಷ್ಟು ಹೊತ್ತು ಗೋಡೆ ನೋಡುತ್ತ ಕೂತವನು ಮತ್ತೆ ಆಟ ಮುಟ್ಟುತ್ತಾನಾ?

ಮರ ಕಡಿದು ಪಿಕಾಸಿ ಮಾಡು, ಕಲ್ಲು ಅಗೆ, ಒಲೆ ಕಟ್ಟು ಅನ್ನಿ. ಕಲ್ಲಿದ್ದಲು ಸಿಗದಿದ್ದರೆ ದಿಮ್ಮಿ ಸುಟ್ಟು ಇದ್ದಿಲು ಮಾಡಬಹುದು, ಪಂಜಿಗೆ ಅಷ್ಟು ಸಾಕು. ಪಂಜು ನೆಡುತ್ತ ಗುಡ್ಡದ ಬದಿಯಿಂದ ಒಳಗೆ ಅಗೆದರೆ ರಾತ್ರಿಯೂ ಕೆಲಸಕ್ಕೆ ಬಂತು. ಕಬ್ಬಿಣದ ಅದಿರನ್ನು ಮಾತ್ರ ಮರದ ಪಿಕಾಸಿಯಲ್ಲಿ ಕುಟ್ಟಬೇಡಿ, ಅದಿರೂ ಹೋಯ್ತು, ಕೈಗೂ ಏನಿಲ್ಲ. ಕಲ್ಲಿನದ್ದೇ ಬೇಕು. (ಉಸುಕಿನ ಬುಡ ಅಗೆದರೆ ತಲೆ ಮೇಲೆ ಬೀಳುತ್ತೆ ಅಂತ ಹಾರವಾಡದ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ ಬಿಡಿ :) )

ಇಷ್ಟನ್ನು ಕನ್ನಡದಲ್ಲಿ ಬರೆಯೋಕೆ ನಮಗೇನು ಧಾಡಿ? ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಸ್ವಯಂಸೇವಕರು ಕೂತು ಅನುವಾದಿಸಿದ್ದು. ನಾವು ಮಾತ್ರ ಹನಿಗವನ ಬರೆದು, ಒಬ್ಬರ ಬೆನ್ನು ಒಬ್ಬರು ತಟ್ಟಿ, "ಮಕ್ಕಳು ಕನ್ನಡ ಓದೋದಿಲ್ಲ" ಅಂತ ಗೋಳಾಡ್ತೀವಿ. ಅವರು ಓದಬೇಕು ಅನ್ನೋದನ್ನ ಬರೆದಿದ್ದೀವಾ ಸ್ವಾಮಿ?