ಪ್ರಯೋಗಾತ್ಮಕ ಚಿಕಿತ್ಸೆ: ಸಮ್ಮತಿ ಯಾರದು?

ಕಲಬುರಗಿಯ ನೆಹರು ಗಂಜ್‌ನಲ್ಲಿ ಚೀಲ ಬಿಚ್ಚಿ, ಕಾಳನ್ನು ಅಂಗೈಯಲ್ಲಿ ಹಿಡಿದು ನೋಡದೆ ಯಾರೂ ತೊಗರಿಗೆ ಬೆಲೆ ಕಟ್ಟುವುದಿಲ್ಲ. ಆದರೆ ಪತ್ನಿಗೆ ಪಿತ್ತನಾಳದ ಕ್ಯಾನ್ಸರ್ ಎಂದು ತಿಳಿದಾಗ, ಆಕೆಗೆ ರೋಗದ ಹೆಸರನ್ನೂ ತಿಳಿಸದೆ ಪತಿ ಮತ್ತು ಹಿರಿಯರೇ ಎಲ್ಲವನ್ನೂ ತೀರ್ಮಾನಿಸುವ ರೂಢಿ ನಮ್ಮ ಅನೇಕ ಕುಟುಂಬಗಳಲ್ಲಿದೆ. ಇದರ ಹಿಂದಿರುವುದು ಪ್ರೀತಿಯೇ. ಆದರೂ ಇದು ನ್ಯಾಯವಲ್ಲ.

ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಆದುದರಿಂದ ಹೊಸ ಔಷಧದ ಪ್ರಯೋಗಕ್ಕೆ ಸೇರುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ನಿರೀಕ್ಷೆ ಸತ್ಯದ ಮೇಲೆ ನಿಲ್ಲಬೇಕು. ರೋಗ ಉಲ್ಬಣಿಸಿದ್ದ 685 ಮಂದಿ ಭಾಗವಹಿಸಿದ, 2022ರಲ್ಲಿ ಪ್ರಕಟವಾದ ಟೋಪಾಜ್-1 ಅಧ್ಯಯನವನ್ನು ನೋಡೋಣ. ಕೀಮೋಥೆರಪಿಯೊಂದಿಗೆ ಡುರ್ವಾಲುಮಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದವರಲ್ಲಿ ಅರ್ಧದಷ್ಟು ಮಂದಿ 12.8 ತಿಂಗಳು ದಾಟಿದರು. ಕೀಮೋಥೆರಪಿ ಮಾತ್ರ ಪಡೆದವರಲ್ಲಿ ಈ ಅವಧಿ 11.5 ತಿಂಗಳು. ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಎರಡನೆಯದರಲ್ಲಿ ಹತ್ತು ಮಂದಿಯಲ್ಲಿ ಒಬ್ಬರು. ಲಾಭವಿದೆ, ಆದರೆ ಪವಾಡವಿಲ್ಲ. ಪ್ರಚೋದಿತವಾದ ರೋಗನಿರೋಧಕ ಶಕ್ತಿಯು ಶ್ವಾಸಕೋಶ, ಯಕೃತ್ತು, ಕರುಳಿನ ಮೇಲೆ ಎರಗುವ ಅಪಾಯವೂ ಇದೆ. ಇಂತಹ ಪ್ರಯೋಗಗಳಲ್ಲಿ ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಹೊಸ ಔಷಧ ನಮಗೇ ಸಿಗುತ್ತದೆಂಬ ಖಾತರಿಯಿಲ್ಲ.

ಇಷ್ಟನ್ನೂ ಕೇಳಿ ಒಪ್ಪಬೇಕಾದವಳು ಆಕೆಯೇ. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ರೋಗಿಯ ಲಿಖಿತ, ತಿಳಿವಳಿಕೆಯುಳ್ಳ ಸಮ್ಮತಿಯನ್ನು ಕಡ್ಡಾಯಗೊಳಿಸಿವೆ. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಆಕೆಗಿದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೂ ಅವಕಾಶವಿದೆ. ಪ್ರಯೋಗವು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ, ನೈತಿಕ ಸಮಿತಿ ಅನುಮತಿಸಿದೆಯೇ, ಪ್ರಯಾಣದ ವೆಚ್ಚ ಯಾರದು ಎಂದು ಕೇಳಲು ಸಂಕೋಚ ಬೇಡ. ಸಮ್ಮತಿಪತ್ರವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ, ಕನ್ನಡವಾಗಲಿ ಉರ್ದುವಾಗಲಿ, ವಿವರಿಸುವಂತೆ ಕೇಳಿರಿ.

ಮಗುವಿನ ಎದೆಹಾಲು ಬಿಡಿಸುವ ವಿಚಾರದಲ್ಲೂ ದಂಪತಿಗಳು ಪರಸ್ಪರ ಸಮಾಲೋಚಿಸಿ, ಒಪ್ಪಿ ನಿರ್ಧರಿಸುವುದನ್ನು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತದಲ್ಲಿ ಕಲಿಸಿದೆ. ಹಾಗಿರುವಾಗ ಆಕೆಯ ಸ್ವಂತ ದೇಹ ಮತ್ತು ಉಳಿದ ದಿನಗಳ ವಿಚಾರದಲ್ಲಿ ಆಕೆಯನ್ನು ಹೊರಗಿಡಲು ನಮಗೇನು ಅಧಿಕಾರ? ಸತ್ಯ ತಿಳಿದವಳು ವಸಿಯ್ಯತ್ ಬರೆಯಬಲ್ಲಳು, ಸಾಲ ತೀರಿಸಬಲ್ಲಳು, ಮಕ್ಕಳೊಂದಿಗೆ ಮನಬಿಚ್ಚಿ ಮಾತಾಡಬಲ್ಲಳು. ಪ್ರಯೋಗ ಬೇಡವೆಂದರೆ ಅದನ್ನು ಈಮಾನಿನ ಕೊರತೆಯೆನ್ನದಿರೋಣ, ಬೇಕೆಂದರೆ ದುರಾಸೆಯೆನ್ನದಿರೋಣ. ಜೊತೆಯಾಗಿ ವೈದ್ಯರನ್ನು ಕೇಳಿ, ಇಸ್ತಿಖಾರ ನಮಾಝ್ ನಿರ್ವಹಿಸಿ, ಆಕೆಯ ನಿರ್ಧಾರದ ಬೆನ್ನಿಗೆ ನಿಲ್ಲೋಣ. ಶಿಫಾ ನೀಡುವವನು ಅಲ್ಲಾಹನು ಮಾತ್ರ. ಆತನು ರೋಗಿಗಳಿಗೆ ಶಮನವನ್ನೂ ಅವರ ಮನೆಯವರಿಗೆ ಸಹನೆಯನ್ನೂ ಕರುಣಿಸಲಿ. ಆಮೀನ್.