ಯುವಜನರಿಗೊಂದು ದಾರಿಬುತ್ತಿ



‘ಕ್ವೇಕರ್’ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಂಗಡಿಯಲ್ಲಿ ಸಿಗುವ ಓಟ್ಸ್. ಅದರ ಮೇಲೆ ಅಗಲ ಅಂಚಿನ ಟೋಪಿ ಧರಿಸಿ ಮುಗುಳ್ನಗುವ ಹಿರಿಯರೊಬ್ಬರ ಚಿತ್ರವಿದೆ. ಆದರೆ ಆ ಓಟ್ಸಿಗೂ ಕ್ವೇಕರ್ ಕ್ರೈಸ್ತರಿಗೂ ಯಾವ ನಂಟೂ ಇಲ್ಲ. ಕ್ವೇಕರರು ತೂಕದಲ್ಲಿ ಮೋಸ ಮಾಡುವುದಿಲ್ಲ, ಒಂದೇ ಬೆಲೆ ಹೇಳುತ್ತಾರೆ ಎಂಬ ಒಳ್ಳೆಯ ಹೆಸರು ಜನರಲ್ಲಿತ್ತು. ಆ ಹೆಸರಿನ ಬೆಲೆ ತಿಳಿದ ಅಮೆರಿಕದ ವ್ಯಾಪಾರಿಗಳು 1877ರಲ್ಲಿ ಅದನ್ನು ತಮ್ಮ ಸರಕಿಗೆ ಇಟ್ಟುಕೊಂಡರು, ಅಷ್ಟೇ.

ಈ ತಿಂಗಳು ಆ ಜನರ ಒಂದು ಪದ್ಧತಿಯ ಬಗ್ಗೆ ಬರೆಯುತ್ತಿದ್ದೇನೆ. ಸೇವೆಗೆ ಹೊರಟು ನಿಂತ ತಮ್ಮ ಯುವಕ ಯುವತಿಯರ ಕೈಗೆ ಅವರು ಸಣ್ಣ ಮೊತ್ತದ ಹಣವನ್ನು ಕೊಟ್ಟು ಕಳುಹಿಸುತ್ತಾರೆ. ಅದು ಸಂಬಳವಲ್ಲ, ವಿದ್ಯಾರ್ಥಿವೇತನವೂ ಅಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ದಾರಿಬುತ್ತಿ.

ಯಾರು ಈ ಕ್ವೇಕರರು?

1624ರಲ್ಲಿ ಇಂಗ್ಲೆಂಡಿನಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದ ಜಾರ್ಜ್ ಫಾಕ್ಸ್ ಎಂಬವನಿಂದ ಈ ಸಮುದಾಯ ಪ್ರಾರಂಭವಾಯಿತು. ‘ಮಿತ್ರರ ಧಾರ್ಮಿಕ ಸಮಾಜ’ ಎಂಬುದು ಅವರ ನಿಜವಾದ ಹೆಸರು. ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ಅದಕ್ಕೆ ಕಿವಿಗೊಡಬೇಕು ಎಂಬುದು ಅವರ ಬೋಧನೆ. ಅವರ ಹಳೆಯ ಪದ್ಧತಿಯ ಸಭೆಗಳಲ್ಲಿ ಗುರುಗಳಿಲ್ಲ, ಪೀಠವಿಲ್ಲ, ಹಾಡೂ ಇಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಪ್ರೇರಣೆಯಾದವರು ಎದ್ದು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತಾರೆ. ಪಾಸ್ಟರುಗಳಿರುವ, ಹಾಡು ಪ್ರವಚನಗಳಿರುವ ಕ್ವೇಕರ್ ಸಭೆಗಳೂ ಇವೆ. ಅತಿ ಹೆಚ್ಚು ಕ್ವೇಕರರು ಇರುವ ಕೀನ್ಯಾ ದೇಶದಲ್ಲಿ ಇಂತಹ ಸಭೆಗಳೇ ಹೆಚ್ಚು.

ನಮಗೂ ಅವರಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಅವರಲ್ಲಿ ನೀರಿನ ಸ್ನಾನದೀಕ್ಷೆಯಿಲ್ಲ, ಬಲಿಪೂಜೆಯಿಲ್ಲ, ಗುರುದೀಕ್ಷೆಯಿಲ್ಲ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಬೇರೆ ಕ್ರೈಸ್ತರಲ್ಲಿ ಪವಿತ್ರಾತ್ಮರು ಬೆಳೆಸಿರುವ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ನಮಗೆ ಕಲಿಸಿದೆ. ಆ ಮನಸ್ಸಿನಿಂದಲೇ ಮುಂದೆ ಓದಿ.

ಬುತ್ತಿ ಕಟ್ಟಿದ ತಾಯಿ

1652ರ ಹೊತ್ತಿಗೆ ಫಾಕ್ಸನ ಮಾತಿಗೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಅನೇಕರು ಮನಸೋತರು. ಅವರಲ್ಲಿ ರೈತಾಪಿ ಜನರೇ ಹೆಚ್ಚು, ಹಲವರು ಇಪ್ಪತ್ತರ ಆಸುಪಾಸಿನವರು. ಊರೂರಿಗೆ ಹೋಗಿ ಸಾರಲು ಹೊರಟ ಈ ತಂಡವನ್ನು ಮುಂದೆ ‘ಧೀರ ಅರವತ್ತು ಮಂದಿ’ ಎಂದು ಕರೆದರು. ಹೆಚ್ಚಾಗಿ ಅವರು ಇಬ್ಬಿಬ್ಬರಾಗಿ ಹೋಗುತ್ತಿದ್ದರು. ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ ಶುಭಸಂದೇಶದ ಭಾಗ ನಿಮಗೆ ನೆನಪಾದೀತು.

ಆದರೆ ಕಾಲಿಗೆ ಜೋಡು ಬೇಡವೇ? ಮಳೆಗೆ, ಚಳಿಗೆ ಮೈಮೇಲೊಂದು ಬಟ್ಟೆ ಬೇಡವೇ? ಸೆರೆಮನೆಗೆ ಬಿದ್ದವರಿಗೆ ಊಟ ಕೊಡುವವರು ಯಾರು? ಆ ಕಾಲದ ಸೆರೆಮನೆಯಲ್ಲಿ ಕೈದಿಯ ಖರ್ಚನ್ನು ಕೈದಿಯೇ ನೋಡಿಕೊಳ್ಳಬೇಕಿತ್ತು. ಸ್ವಾರ್ತ್‌ಮೋರ್ ಎಂಬಲ್ಲಿನ ನ್ಯಾಯಾಧೀಶರ ಪತ್ನಿ ಮಾರ್ಗರೆಟ್ ಫೆಲ್ ಇದನ್ನು ಯೋಚಿಸಿದರು. 1654ರಲ್ಲಿ ಆಕೆ ಹತ್ತಿರದ ಕೆಂಡಲ್ ಊರಿನ ಜಾರ್ಜ್ ಟೇಲರ್, ಥಾಮಸ್ ವಿಲನ್ ಎಂಬಿಬ್ಬರ ನೆರವಿನಿಂದ ಒಂದು ನಿಧಿ ಆರಂಭಿಸಿದರು. ಅದೇ ‘ಕೆಂಡಲ್ ನಿಧಿ’. ಸಭೆಗಳಿಂದ ಸಣ್ಣ ಸಣ್ಣ ಕಾಣಿಕೆ ಬರುತ್ತಿತ್ತು. ಅದು ಬಟ್ಟೆಯಾಗಿ, ಜೋಡಾಗಿ, ದಾರಿಖರ್ಚಾಗಿ, ಸೆರೆಮನೆಯ ಊಟವಾಗಿ ಹೋಗುತ್ತಿತ್ತು. ಅದರ ಲೆಕ್ಕವನ್ನೂ ಬರೆದಿಡುತ್ತಿದ್ದರು.

ಹೀಗೆ ಹೋದವರೆಲ್ಲ ಹಿಂದಿರುಗಲಿಲ್ಲ ಎಂಬುದನ್ನೂ ಹೇಳಬೇಕು. ಜೇಮ್ಸ್ ಪಾರ್ನೆಲ್ ಎಂಬ ಯುವಕ 1656ರಲ್ಲಿ ಕೋಲ್ಚೆಸ್ಟರ್ ಕೋಟೆಯ ಸೆರೆಯಲ್ಲಿ ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು ವರ್ಷ. ಎಲಿಜಬೆತ್ ಫ್ಲೆಚರ್ ಎಂಬ ಹುಡುಗಿ 1654ರಲ್ಲಿ ಆಕ್ಸ್‌ಫರ್ಡಿನಲ್ಲಿ ಸಾರಲು ಹೋಗಿ ವಿದ್ಯಾರ್ಥಿಗಳಿಂದ ಹಿಂಸೆಪಟ್ಟಳು. 1658ರಲ್ಲಿ ಅವಳೂ ತೀರಿಹೋದಳು, ವಯಸ್ಸು ಸುಮಾರು ಇಪ್ಪತ್ತು. ಹಣ ಕೊಟ್ಟವರು ಇದನ್ನೆಲ್ಲ ಕಂಡವರೇ. ಮಾರ್ಗರೆಟ್ ಫೆಲ್ ಕೂಡ 1664ರಿಂದ ನಾಲ್ಕು ವರ್ಷ ಸೆರೆಯಲ್ಲಿದ್ದರು.

ಕೂಲಿಯಲ್ಲ, ಬಿಡುಗಡೆ

ಇಲ್ಲೊಂದು ತೊಡಕಿದೆ. ದೇವರ ವಾಕ್ಯ ಸಾರುವುದಕ್ಕೆ ಕೂಲಿ ಪಡೆಯಬಾರದು ಎಂದು ಹಳೆಯ ಕ್ವೇಕರರು ಗಟ್ಟಿಯಾಗಿ ವಾದಿಸಿದವರು. ಹಾಗಿದ್ದ ಮೇಲೆ ಈ ನಿಧಿ ಏಕೆ? ಅವರ ಉತ್ತರ ಸರಳ. ಕೆಲಸಕ್ಕೆ ಬೆಲೆ ಕಟ್ಟಿ ಕೊಡುವುದು ಬೇರೆ, ಕೆಲಸಕ್ಕೆ ಅಡ್ಡಬಂದ ಕಲ್ಲನ್ನು ಎತ್ತಿಹಾಕುವುದು ಬೇರೆ. ಎರಡನೆಯದಕ್ಕೆ ಅವರಲ್ಲಿ ಬಳಕೆಯಲ್ಲಿರುವ ಪದ ‘ಬಿಡುಗಡೆ’. ಮನೆಯ ಬಾಡಿಗೆ, ಪ್ರಯಾಣದ ವೆಚ್ಚ, ಮಗುವನ್ನು ನೋಡಿಕೊಳ್ಳುವವರ ಖರ್ಚು ಇಂತಹ ಚಿಂತೆಗಳಿಂದ ಒಬ್ಬರನ್ನು ಸ್ವಲ್ಪ ಕಾಲ ಬಿಡಿಸಿ ಕಳುಹಿಸುವುದು.

ಸಂತ ಪೌಲರ ಜೀವನದಲ್ಲಿ ಎರಡೂ ಇವೆ. ಕೊರಿಂಥದಲ್ಲಿ ಅವರು ಡೇರೆ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದರು. ಫಿಲಿಪ್ಪಿಯ ವಿಶ್ವಾಸಿಗಳು ಕಳುಹಿಸಿದ ನೆರವನ್ನು ಮನಸಾರೆ ಸ್ವೀಕರಿಸಿದರು. ಕೂಲಿಗಾಗಿ ಸಾರಲಿಲ್ಲ, ಪ್ರೀತಿಯಿಂದ ಬಂದದ್ದನ್ನು ತಳ್ಳಲೂ ಇಲ್ಲ.

ಫ್ರಾನ್ಸಿಗೆ ಹೋದ ನೂರು ಮಂದಿ

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಆಯುಧ ಹಿಡಿಯುವುದಿಲ್ಲ ಎಂಬುದು ಕ್ವೇಕರರ ನಂಬಿಕೆ. ‘ಯುದ್ಧಕ್ಕೆ ಬರುವುದಿಲ್ಲ’ ಎಂದು ಹೇಳಿ ಸುಮ್ಮನೆ ಮನೆಯಲ್ಲಿ ಕುಳಿತರೆ ಸಾಕೇ ಎಂಬ ಪ್ರಶ್ನೆ ಯುವಕರನ್ನು ಕಾಡಿತು. ಅದೇ ವರ್ಷ ಏಪ್ರಿಲಿನಲ್ಲಿ ಫಿಲಡೆಲ್ಫಿಯದಲ್ಲಿ ‘ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ’ ಹುಟ್ಟಿತು. ಸುಮಾರು ನೂರು ಯುವಕರು ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ತರಬೇತಿ ಪಡೆದು ಫ್ರಾನ್ಸಿಗೆ ಹೋದರು. ಯುದ್ಧದಲ್ಲಿ ಬಿದ್ದ ಮನೆಗಳನ್ನು ಕಟ್ಟಿದರು, ನಿರಾಶ್ರಿತರನ್ನು ನೋಡಿಕೊಂಡರು. ಯುದ್ಧ ಮುಗಿದ ಮೇಲೆ ಕ್ವೇಕರರು ಸೋತ ಜರ್ಮನಿಯಲ್ಲಿ ಲಕ್ಷಾಂತರ ಮಕ್ಕಳಿಗೆ ಊಟ ಬಡಿಸಿದರು. 1947ರಲ್ಲಿ ಈ ಸಂಸ್ಥೆಗೂ ಬ್ರಿಟನ್ನಿನ ಕ್ವೇಕರರ ಸೇವಾ ಮಂಡಳಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪ್ರಶಸ್ತಿ ಸ್ವೀಕರಿಸಲು ಹೊರಟ ಹೆನ್ರಿ ಕ್ಯಾಡ್ಬರಿಯವರ ಬಳಿ ಆ ಸಮಾರಂಭಕ್ಕೆ ಬೇಕಾದ ಉದ್ದ ಕೋಟು ಇರಲಿಲ್ಲ. ಬಡವರಿಗೆಂದು ಸಂಗ್ರಹಿಸಿದ್ದ ಬಟ್ಟೆಗಳ ಉಗ್ರಾಣದಿಂದ ಒಂದನ್ನು ಎರವಲು ತೆಗೆದುಕೊಂಡು ಹೋದರು!

ಆ ಸಂಸ್ಥೆಯನ್ನು 1929ರಿಂದ 1950ರವರೆಗೆ ನಡೆಸಿದವರು ಕ್ಲಾರೆನ್ಸ್ ಪಿಕೆಟ್. ಅದಕ್ಕೂ ಮೊದಲು ಅವರು ಕ್ವೇಕರ್ ಯುವಜನರ ನಡುವೆ ದುಡಿದವರು, ಅರ್ಲಮ್ ಕಾಲೇಜಿನಲ್ಲಿ ಬೈಬಲ್ ಪಾಠ ಹೇಳಿದವರು. ಅವರ ಕಾಲದಲ್ಲಿ, 1934ರಲ್ಲಿ, ಪೆನ್ಸಿಲ್ವೇನಿಯದ ಗಣಿ ಪ್ರದೇಶದಲ್ಲಿ ಯುವಜನರ ಮೊದಲ ದುಡಿಮೆ ಶಿಬಿರ ನಡೆಯಿತು. ಕಾಲೇಜಿನ ಹುಡುಗರು ಕೆಲಸ ಕಳೆದುಕೊಂಡಿದ್ದ ಗಣಿ ಕುಟುಂಬಗಳ ಹೊಸ ವಸತಿಗೆ ನೀರಿನ ಪೈಪಿಗಾಗಿ ಕಾಲುವೆ ತೋಡಿದರು. ಪಿಕೆಟ್ 1965ರಲ್ಲಿ ತೀರಿಕೊಂಡರು. ಅವರ ಮತ್ತು ಅವರ ಪತ್ನಿ ಲಿಲಿಯವರ ನೆನಪಿಗೆ ಮುಂದೆ ಸ್ಥಾಪನೆಯಾದ ದತ್ತಿನಿಧಿಯು ಸೇವೆಗೆ, ಸಾಕ್ಷಿಗೆ ಮುಂದಾಗುವ ಯುವ ಕ್ವೇಕರರಿಗೆ ಸಣ್ಣ ಅನುದಾನಗಳನ್ನು ಕೊಡುತ್ತಾ ಬಂತು. ಕೆಂಡಲ್ ನಿಧಿಯ ಮೊಮ್ಮಗಳು ಎನ್ನಬಹುದು.

ಹಣಕ್ಕಿಂತ ಮೊದಲು ಪ್ರಶ್ನೆ

ಕ್ವೇಕರರಲ್ಲಿ ಇಂತಹ ನೆರವು ನಡೆಯುವ ಬಗೆಯನ್ನು ಗಮನಿಸಿ. ಒಬ್ಬ ಯುವತಿಗೆ ಸೆರೆಮನೆಯಲ್ಲಿರುವವರ ನಡುವೆ ಆರು ತಿಂಗಳು ಸೇವೆ ಮಾಡಬೇಕೆಂಬ ತುಡಿತ ಬಂತು ಎನ್ನೋಣ. ಅವಳು ಮೊದಲು ಅದನ್ನು ತನ್ನ ಸಭೆಯ ಮುಂದೆ ಇಡುತ್ತಾಳೆ. ಸಭೆ ನಾಲ್ಕೈದು ಮಂದಿಯ ಒಂದು ಕೂಟವನ್ನು ನೇಮಿಸುತ್ತದೆ. ಅದಕ್ಕೆ ‘ಸ್ಪಷ್ಟತೆಯ ಕೂಟ’ ಎನ್ನಬಹುದು. ಅಲ್ಲಿ ಉಪದೇಶ ಮಾಡುವಂತಿಲ್ಲ. ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎನ್ನುವಂತಿಲ್ಲ. ಮೌನದಲ್ಲಿ ಕುಳಿತು, ಆಗಾಗ ಒಂದೊಂದು ಪ್ರಶ್ನೆ ಕೇಳಬೇಕು. ಈ ಬಯಕೆ ಎಂದಿನಿಂದ ಇದೆ? ಏನನ್ನು ನೆನೆದರೆ ಹೆದರಿಕೆಯಾಗುತ್ತದೆ? ಮನೆಯವರು ಏನೆನ್ನುತ್ತಾರೆ? ಹೀಗೆ. ಉತ್ತರ ಅವಳ ಒಳಗಿನಿಂದಲೇ ಬರಬೇಕು. ಕೆಲವೊಮ್ಮೆ ‘ಈಗಲೇ ಬೇಡ’ ಎಂಬ ಉತ್ತರವೂ ಬರುತ್ತದೆ, ಅದೂ ಒಳ್ಳೆಯದೇ.

ಕರೆ ಸ್ಪಷ್ಟವಾದರೆ ಸಭೆ ಒಂದು ಪತ್ರ ಬರೆದುಕೊಡುತ್ತದೆ: ಇವಳು ನಮ್ಮವಳು, ಇವಳ ಹಿಂದೆ ನಾವಿದ್ದೇವೆ ಎಂದು. ಅನುದಾನ ಕೊಡುವವರು ಅರ್ಜಿಯ ಜೊತೆಗೆ ಇಂತಹ ಸಭೆಯ ಬೆಂಬಲವನ್ನೂ ನೋಡುತ್ತಾರೆ. ದಾರಿಯುದ್ದಕ್ಕೂ ಅನುಭವಿಗಳೊಬ್ಬರು ಜೊತೆಗಿರುವುದುಂಟು. ಹಿಂದಿರುಗಿದ ಮೇಲೆ ಅವಳು ಸಭೆಗೆ ವರದಿ ಒಪ್ಪಿಸುತ್ತಾಳೆ. ನೋಡಿ, ಮೊತ್ತ ಸಣ್ಣದು. ಆದರೆ ಆ ಸಣ್ಣ ಮೊತ್ತದ ನೆಪದಲ್ಲಿ ಒಂದಿಡೀ ಸಮುದಾಯ ಒಬ್ಬ ಯುವತಿಯ ಮಾತಿಗೆ ಕಿವಿಗೊಟ್ಟಿತು.

ನೀಲಗಿರಿಯ ಓದುಗರಿಗೆ ಇನ್ನೊಂದು ಹೆಸರು ಹೇಳಬೇಕು. ಮಾರ್ಜರಿ ಸೈಕ್ಸ್ 1928ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಮದ್ರಾಸಿನ ಬೆಂಟಿಂಕ್ ಬಾಲಿಕಾ ಶಾಲೆಗೆ ಶಿಕ್ಷಕಿಯಾಗಿ ಬಂದರು. ಇಲ್ಲಿಯೇ ಇದ್ದಾಗ ಕ್ವೇಕರ್ ಆದರು. ಶಾಂತಿನಿಕೇತನದಲ್ಲೂ ಸೇವಾಗ್ರಾಮದಲ್ಲೂ ದುಡಿದು, ಮುಂದೆ ಕೋಟಗಿರಿಯಲ್ಲಿ ನೆಲೆಸಿ ಗಾಂಧೀಜಿಯ ನಯೀ ತಾಲೀಮ್ ಶಿಕ್ಷಣಕ್ಕಾಗಿ ಶ್ರಮಿಸಿದರು. 1995ರಲ್ಲಿ ತೀರಿಕೊಂಡರು. ಇಪ್ಪತ್ತರಲ್ಲಿ ಇಟ್ಟ ಒಂದು ಹೆಜ್ಜೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆ ಜೀವನವೇ ಸಾಕ್ಷಿ.

ಯಾರ ಮನೆಯ ಮಕ್ಕಳು?

ಈಗ ನಮ್ಮ ಅಂಗಳಕ್ಕೆ ಬರೋಣ. ಸೇವೆಯನ್ನು ಉಚಿತವಾಗಿ ಮಾಡಬೇಕು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಮಾತು ಸರಿಯೇ. ಆದರೆ ಉಚಿತ ಸೇವೆ ಯಾರಿಂದ ಸಾಧ್ಯ? ಮನೆಯಲ್ಲಿ ಉಣ್ಣಲು ಇರುವವರಿಂದ. ತೋಟದ ಕೂಲಿಗೆ ಹೋಗುವ ತಾಯಿಯ ಮಗಳು ತಿಂಗಳ ಸಂಬಳ ಬಿಟ್ಟು ರಜೆಯ ಬೈಬಲ್ ಶಿಬಿರಕ್ಕೆ ಬರಬೇಕೆಂದರೆ, ಆ ಮನೆಯ ಪಡಿತರಕ್ಕೆ ಕತ್ತರಿ ಬೀಳುತ್ತದೆ. ಅವಳು ಬರುವುದಿಲ್ಲ. ‘ಅವಳಿಗೆ ಆಸಕ್ತಿಯಿಲ್ಲ’ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇದು ಬರಿಯ ಹಣದ ಮಾತಲ್ಲ, ನ್ಯಾಯದ ಮಾತು. ದೈವಕರೆ ಬಡವರ ಬಾಗಿಲನ್ನೂ ತಟ್ಟುತ್ತದೆ. ಬಾಗಿಲು ತೆರೆಯಲು ಅವರಿಗೆ ಕೈಯೊಂದು ಬೇಕಾಗಬಹುದು.

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?’ ಎಂದು ಹಿರಿಯರು ಕೇಳುತ್ತಾರೆ. ನಿಜ, ಬುತ್ತಿ ಮುಗಿಯುತ್ತದೆ. ಆದರೆ ಬುತ್ತಿಯಿರುವುದು ಜೀವನಪೂರ್ತಿ ಉಣ್ಣುವುದಕ್ಕಲ್ಲ, ಮುಂದಿನ ಊರು ತಲಪುವವರೆಗೆ ಕಾಲು ಸೋಲದಿರುವುದಕ್ಕೆ. ಅದಕ್ಕೇ ಅದು ಸಣ್ಣದಾಗಿರಬೇಕು. ದೊಡ್ಡದಾದರೆ ಕರೆಯ ಬದಲು ಹಣವೇ ಕರೆಯತೊಡಗುತ್ತದೆ, ಯಾರಿಗೆ ಸಿಕ್ಕಿತು ಯಾರಿಗೆ ಸಿಗಲಿಲ್ಲ ಎಂಬ ಜಗಳವೂ ಹುಟ್ಟುತ್ತದೆ. ಲೆಕ್ಕ ತೆರೆದಿರಬೇಕು, ವರದಿ ಎಲ್ಲರ ಮುಂದೆ ಬರಬೇಕು.

ನಮ್ಮ ಧರ್ಮಸಭೆಗೆ ಇದು ಹೊಸದೇನಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯನ್ನು ಗೆಳೆಯರೊಡನೆ ಆರಂಭಿಸಿದಾಗ ಫ್ರೆಡರಿಕ್ ಓಜನಾಮರಿಗೆ ಇಪ್ಪತ್ತು ವರ್ಷ. ಅವರನ್ನು 1997ರಲ್ಲಿ ಪುನೀತರೆಂದು ಸಾರಲಾಯಿತು. 2018ರಲ್ಲಿ ರೋಮಿನಲ್ಲಿ ಯುವಜನರ ಕುರಿತೇ ಧರ್ಮಾಧ್ಯಕ್ಷರ ಸಿನೋದ್ ನಡೆಯಿತು, ಮರುವರ್ಷ ಜಗದ್ಗುರು ಫ್ರಾನ್ಸಿಸ್ ಯುವಜನರಿಗೆಂದೇ ಪ್ರೇಷಿತ ಪತ್ರವೊಂದನ್ನು ಬರೆದರು. ಉಪದೇಶಕ್ಕೆ ಕೊರತೆಯಿಲ್ಲ. ಬುತ್ತಿ ಕಟ್ಟುವ ಕೈಗಳಿಗೆ ಕೊರತೆ.

ಪ್ರತಿ ಧರ್ಮಕೇಂದ್ರವೂ ಒಂದು ದೊಡ್ಡ ನಿಧಿ ಕೂಡಿಸಲಿ ಎಂದು ನಾನು ಹೇಳುತ್ತಿಲ್ಲ. ಹಬ್ಬದ ಪಟಾಕಿ, ಧ್ವನಿವರ್ಧಕಗಳ ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದಿಟ್ಟರೂ ವರ್ಷಕ್ಕೆ ಒಬ್ಬ ಯುವಕ ಅಥವಾ ಯುವತಿಯ ಬಸ್ ಚಾರ್ಜು, ಒಂದು ತಿಂಗಳ ಮನೆಖರ್ಚು ಹೊರಡುತ್ತದೆ. ಅದಕ್ಕೂ ಮೊದಲು, ಒಂದು ಪೈಸೆಯೂ ಇಲ್ಲದೆ ಮಾಡಬಹುದಾದ ಕೆಲಸವಿದೆ. ನಾಲ್ವರು ಹಿರಿಯರು ಒಬ್ಬ ಯುವಕನ ಜೊತೆ ಒಂದು ಸಂಜೆ ಕುಳಿತು, ಬುದ್ಧಿ ಹೇಳದೆ, ಅವನ ಮಾತು ಕೇಳಬಹುದು.

ಮನೆಯಲ್ಲಿ ಮಾತಾಡೋಣ:

1. ನಮ್ಮ ಮಕ್ಕಳು ‘ನಾನೊಂದು ವರ್ಷ ಸೇವೆಗೆ ಹೋಗುತ್ತೇನೆ’ ಎಂದರೆ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಅದು ಪ್ರಶ್ನೆಯೋ, ತೀರ್ಪೋ?

2. ನಮ್ಮ ಧರ್ಮಕೇಂದ್ರದಲ್ಲಿ ಖರ್ಚಿಗೆ ಹೆದರಿ ಹಿಂದೆ ಉಳಿದಿರುವ ಯುವಜನರು ಯಾರಿದ್ದಾರೆ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

3. ನಮ್ಮ ಯೌವನದಲ್ಲಿ ನಮಗೆ ಬುತ್ತಿ ಕಟ್ಟಿಕೊಟ್ಟವರು ಯಾರು? ಇಂದಿನ ಸಂಜೆಯ ಪ್ರಾರ್ಥನೆಯಲ್ಲಿ ಅವರನ್ನು ಹೆಸರಿಟ್ಟು ನೆನೆಯೋಣ.

ದೇವರು ನಿಮ್ಮ ಮನೆಯ ಯುವಜನರನ್ನು ಆಶೀರ್ವದಿಸಲಿ.