‘ಹೊಸಬರ ಕ್ಲಾಮ್’ ಅಂತ ಒಂದಿಲ್ಲ ಮಾರಾಯ್ರೆ

1/5
ಮೊನ್ನೆ ಮೀನಿನ ಟ್ಯಾಂಕಿನ ಸ್ಟೋರಿ ಹಾಕಿದ ಮೇಲೆ ಮೂರು ಜನ ಕೇಳಿದ್ದು ಒಂದೇ ಪ್ರಶ್ನೆ. "ರೀಲ್ಸಲ್ಲಿ ಬರ್ತದಲ್ಲ, ನೀಲಿ ತುಟಿಯ ಕಪ್ಪೆಚಿಪ್ಪು, ಅದ್ರಲ್ಲಿ ಹೊಸಬರಿಗೆ ಯಾವ್ದು ಬೆಸ್ಟ್?" ಒಬ್ಬನಿಗಂತೂ ಯಾರೋ ಡಿಎಂನಲ್ಲಿ ರೇಟೂ ಕಳಿಸಿದ್ದಾರೆ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡ್ತೇನೆ: ತಗೋಬೇಡಿ. ಕೊನೆವರೆಗೆ ಓದಿ, ಆಮೇಲೆ ಬೇಕಿದ್ರೆ ಜಗಳ ಆಡಿ.

ಅದರ ಹೆಸರು ಟ್ರಿಡಾಕ್ನಾ. ಹವಳದ ದಿಬ್ಬದ ಜೀವಿ. ಚಿಪ್ಪಿನಿಂದ ಹೊರಗೆ ಚಾಚಿಕೊಳ್ಳುವ ಆ ಬಣ್ಣದ ಅಂಚಿನೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡ್ತದೆ, ಚಿಪ್ಪಿಗೂ ಬಡಿಸ್ತದೆ. ಹೊರದೇಶದ ಹವ್ಯಾಸಿಗಳು ಡೆರಾಸಾ, ಸ್ಕ್ವಾಮೋಸಾ ಸುಲಭ ಅಂತಾರೆ; ಮ್ಯಾಕ್ಸಿಮಾ, ಕ್ರೋಸಿಯಾಗಳಿಗೆ ಬೆಳಕು ಇನ್ನೂ ಜಾಸ್ತಿ ಬೇಕು. ಅವರು ಹೇಳೋದು ಸುಳ್ಳಲ್ಲ. ಆದರೆ ಈ "ಸುಲಭ"ದ ಡೆರಾಸಾ ಅರ್ಧ ಮೀಟರಿಗೂ ಹೆಚ್ಚು ಬೆಳೆಯಬಲ್ಲದು. ನಿಮ್ಮ ಎರಡಡಿ ಟ್ಯಾಂಕಲ್ಲಿ ಅದನ್ನ ಎಲ್ಲಿ ಕೂರಿಸ್ತೀರಿ?

2/5
ಸರಿ, ಚಿಕ್ಕದೇ ತಂದ್ರಿ ಅಂದ್ಕೊಳ್ಳಿ. ಟ್ಯಾಂಕು ಕನಿಷ್ಠ ಆರೇಳು ತಿಂಗಳು ಹಳೆಯದಾಗಿರಬೇಕು. ಲೀಟರಿಗೆ 35 ಗ್ರಾಂ ಉಪ್ಪಿನಂಶ, 25 ಡಿಗ್ರಿ ಆಸುಪಾಸಿನ ಉಷ್ಣತೆ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಇದಿಷ್ಟೂ ದಿನಾ ಹೆಚ್ಚುಕಮ್ಮಿ ಆಗದೇ ಇರಬೇಕು. ಚಿಪ್ಪು ಕಟ್ಟೋದೇ ಸುಣ್ಣದಿಂದ ಅಲ್ವಾ. ಅಜ್ಜನ ಕವಳಕ್ಕೆ ಚಿಪ್ಪಿನ ಸುಣ್ಣ ಬರ್ತಿದ್ದದ್ದು ನೆನಪಿಸ್ಕೊಳ್ಳಿ. ನೀರಲ್ಲಿ ಸುಣ್ಣದಂಶ ಕಮ್ಮಿಯಾದರೆ ಚಿಪ್ಪಿನ ಬೆಳವಣಿಗೆ ನಿಲ್ಲುತ್ತದೆ.

ಈಗ ನಮ್ಮೂರಿಗೆ ಬನ್ನಿ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಕರೆಂಟು ಬರೋದು ಯಾವಾಗ? ಶಿರಸಿ ಪೇಟೆಯಲ್ಲಿ ರಾತ್ರಿಯೊಳಗೆ ಬಂದೀತು. ಸಿದ್ದಾಪುರದ, ಯಲ್ಲಾಪುರದ ಹಳ್ಳಿಗಳಲ್ಲಿರೋರು ನೀವೇ ಹೇಳಿ. ಪಂಪು ನಿಂತು ನೀರು ಆಡದೇ ಇದ್ದರೆ ಆಮ್ಲಜನಕ ಇಳಿಯುತ್ತದೆ. ಕ್ಲಾಮಿಗೆ ಇನ್ವರ್ಟರ್ ಅರ್ಥ ಆಗೋದಿಲ್ಲ.

ಇನ್ನೊಂದು, ನಮ್ಮ ಕಡೆಯೋರಿಗೆ ಮಾತ್ರ ಹೇಳಬೇಕಾದದ್ದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರಬಾರದು ಅಂತ ಬೋರ್ಡೋ ಹೊಡೀತೇವೆ: 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದ್ರೆ ತಾಮ್ರ. ಚಿಪ್ಪಿನ ಜೀವಿಗಳಿಗೆ, ಸಿಗಡಿಗೆ ತಾಮ್ರ ಸ್ವಲ್ಪವಿದ್ದರೂ ವಿಷ. ಔಷಧಿ ಹೊಡೆದ ಕೈಯನ್ನ ಸರಿಯಾಗಿ ತೊಳೀದೇ ಟ್ಯಾಂಕಿಗೆ ಹಾಕಬೇಡಿ, ತೋಟದ ಕಾಲುವೆ ನೀರನ್ನೂ ತರಬೇಡಿ. ಸಿಹಿನೀರಿನ ಟ್ಯಾಂಕಲ್ಲಿ ಬಸವನಹುಳ, ಸಿಗಡಿ ಸಾಕುವವರಿಗೂ ಇದೇ ಮಾತು.

3/5
ಇದೆಲ್ಲ ದುಡ್ಡು, ಶ್ರಮದ ಮಾತಾಯ್ತು. ಕಾನೂನಿನ ಮಾತು ಬೇರೆಯೇ ಇದೆ. ಟ್ರಿಡಾಕ್ನಾ ಮ್ಯಾಕ್ಸಿಮಾ, ಸ್ಕ್ವಾಮೋಸಾ ನಮ್ಮದೇ ಲಕ್ಷದ್ವೀಪ, ಅಂಡಮಾನ್‌ನಲ್ಲಿ ಇವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ 2001ರಲ್ಲಿ ಇವನ್ನ ಸೇರಿಸಿದ್ದಾರೆ. ಹುಲಿ ಇರೋ ಪಟ್ಟಿಯೇ ಅದು. ಹವಳಗಳೂ ಅಲ್ಲೇ ಇವೆ, ಅಂದ್ರೆ ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವೂ ಸೇರಿ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ ದಂಡ. ಡಿಎಂನಲ್ಲಿ ರೇಟ್ ಕಳಿಸಿದವ ಅಷ್ಟೊತ್ತಿಗೆ ಅಕೌಂಟ್ ಡಿಲೀಟ್ ಮಾಡಿರ್ತಾನೆ. ಪಾರ್ಸೆಲ್ ಮೇಲೆ ಇರೋದು ನಿಮ್ಮ ಅಡ್ರೆಸ್.

"ಇದು ಹೊರದೇಶದ ಹ್ಯಾಚರಿಯದು" ಅಂತಾರೆ. ಪಲಾವ್ ದ್ವೀಪಗಳಲ್ಲಿ ಡೆರಾಸಾವನ್ನ ನಿಜಕ್ಕೂ ಸಾಕಿ ಬೆಳೆಸ್ತಾರೆ. ಒಳ್ಳೆ ಕೆಲಸವೇ. ಆದರೆ ಈ ಇಡೀ ಕುಟುಂಬ 1985ರಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ; ಅನುಮತಿ ಪತ್ರ ಇಲ್ಲದೆ ಒಂದು ದೇಶದಿಂದ ಇನ್ನೊಂದಕ್ಕೆ ದಾಟೋ ಹಾಗಿಲ್ಲ. ಆ ಪತ್ರ ತೋರಿಸು ಅಂತ ಕೇಳಿ ನೋಡಿ. ಕಾಗದ ಇಲ್ಲದ ಕ್ಲಾಮು ಹ್ಯಾಚರಿಯದೋ ದಿಬ್ಬದಿಂದ ಕಿತ್ತದ್ದೋ ಅಂತ ನಿಮಗೆ, ನನಗೆ ನೋಡಿ ಗೊತ್ತಾಗೋದಿಲ್ಲ.

4/5
ನಾನೇನು ಸಾಧು ಅಲ್ಲ. ಒಂಬತ್ತನೇ ಕ್ಲಾಸಲ್ಲಿ ತೋಟದ ಕೆಳಗಿನ ಹಳ್ಳದಿಂದ ಒಂದು ಕಪ್ಪೆಚಿಪ್ಪು ತಂದು ಟ್ಯಾಂಕಿಗೆ ಹಾಕಿದ್ದೆ. ನಮ್ಮ ಹಳ್ಳದ ನೀರಲ್ಲಿ ಸುಣ್ಣ ಕಮ್ಮಿ, ಅದರ ಚಿಪ್ಪಿನ ನೆತ್ತಿ ಸವೆದು ಬೆಳ್ಳಗಾಗಿತ್ತು. ಮರಳಲ್ಲಿ ಅರ್ಧ ಹೂತು ಸುಮ್ಮನೆ ಕೂತಿತ್ತು. "ಎಷ್ಟು ಆರಾಮ ಪ್ರಾಣಿ" ಅಂದ್ಕೊಂಡೆ. ಮೂರನೇ ವಾರ ಒಂದು ಬೆಳಿಗ್ಗೆ ನೀರು ಹಾಲಿನಂತಾಗಿತ್ತು, ವಾಸನೆ, ಆರು ಗಪ್ಪಿ ಮೇಲೆ ತೇಲ್ತಿದ್ವು. ಚಿಪ್ಪು ಬಾಯ್ಬಿಟ್ಟಿತ್ತು.

ಆಮೇಲೆ ಗೊತ್ತಾಯ್ತು. ಹಳ್ಳದ ಚಿಪ್ಪು ನೀರು ಸೋಸಿ ಅದರಲ್ಲಿರೋ ಪಾಚಿಯ ಕಣ ತಿನ್ನುತ್ತದೆ. ನಾನು ಫಿಲ್ಟರ್ ಹಾಕಿ ನೀರು ಫಳಫಳ ಇಟ್ಟಿದ್ದೆ. ಅಂದ್ರೆ ಪ್ರತಿದಿನ ಅದರ ಊಟ ನಾನೇ ತೆಗೆದು ಚೆಲ್ತಿದ್ದೆ. ಹಸಿದ ನಾಯಿ ಕೂಗ್ತದೆ, ಹಸಿದ ಚಿಪ್ಪು ಕೂಗೋದಿಲ್ಲ. ಸತ್ತು ಕೊಳೆತಾಗ ಬಿಡುವ ಅಮೋನಿಯಾ ಉಳಿದವನ್ನೂ ಕೊಲ್ಲುತ್ತದೆ. "ಹೊಸಬರಿಗೆ ಸುಲಭ" ಅಂತ ಯಾವ ಪ್ರಾಣಿಗೆ ಹೇಳಿದರೂ ನನಗೆ ಈಗ ಅನುಮಾನ. ತುಂಬಾ ಸಲ ಅದರರ್ಥ ಇಷ್ಟೇ: ಇದು ನಿಧಾನಕ್ಕೆ ಸಾಯ್ತದೆ, ನಿಮಗೆ ಗೊತ್ತಾಗೋದಿಲ್ಲ.

5/5
"ಹಾಗಾದ್ರೆ ಮಲೆನಾಡಿನ ಹುಡುಗರು ಸಮುದ್ರದ ಜೀವಿ ನೋಡೋದೇ ಬೇಡ್ವಾ?" ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಹೊಳೆಯಲ್ಲೇ ಇದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡಲ್ಲಿ ಹಾದು, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರ್ತದೆ. ಉಪ್ಪು-ಸಿಹಿ ನೀರು ಕೂಡುವ ಆ ಅಳಿವೆ ಈಗ ರಾಮ್ಸಾರ್ ತಾಣ. ದೇವಿಮನೆ ಘಟ್ಟ ಇಳಿದು, ಇಳಿತದ ಹೊತ್ತಿಗೆ ಹೋಗಿ. ಹೆಂಗಸರು ಮೊಣಕಾಲು ನೀರಲ್ಲಿ ನಿಂತು, ಕಾಲಲ್ಲೇ ತಡಕಿ ಬೆಳಚು ಹೆಕ್ತಿರ್ತಾರೆ. ಅವರನ್ನ "ಅಕ್ಕಾ" ಅಂತ ಕರೆದು ಕೇಳಿ. ಯಾವ ಚಿಪ್ಪು ಯಾವ ಮರಳಲ್ಲಿ ಅಂತ ರೀಲ್ಸಿಗಿಂತ ಚೆನ್ನಾಗಿ ಹೇಳ್ತಾರೆ. ಯಲ್ಲಾಪುರದವರಿಗೆ ಬೇಡ್ತಿ ಇದೆ. ಕೆಳಗೆ ಅದೇ ಗಂಗಾವಳಿ.

ಮನೆಯ ಹತ್ತಿರವೇ ಬೇಕಾ? ಹಳ್ಳದ ದಂಡೆಯಲ್ಲಿ ಎರಡು ಗಾಜಿನ ಬಾಟಲಿ ಇಡಿ. ಎರಡಕ್ಕೂ ಹಸಿರು ಕೆರೆ ನೀರು, ಒಂದಕ್ಕೆ ಮಾತ್ರ ಒಂದು ಕಪ್ಪೆಚಿಪ್ಪು. ನೆರಳಲ್ಲಿ ಕೆಲವು ತಾಸು ಬಿಟ್ಟು ನೋಡಿ, ಯಾವ ನೀರು ತಿಳಿಯಾಯ್ತು ಅಂತ. ಆಮೇಲೆ ಅದನ್ನ ಎತ್ತಿದ ಜಾಗದಲ್ಲೇ ವಾಪಸ್ ಬಿಡಿ. ಖರ್ಚು ಸೊನ್ನೆ.

ಉಪ್ಪುನೀರಿನ ಟ್ಯಾಂಕೇ ಕನಸಾಗಿದ್ದರೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನಿಂದ ಶುರು ಮಾಡಿ. ಅದನ್ನ ಮರಿ ಮಾಡಿಸೋ ವಿಧಾನ ನಮ್ಮ ಸಿಎಂಎಫ್‌ಆರ್‌ಐನವರೇ ರೂಪಿಸಿದ್ದಾರೆ. ಒಂದು ಪೂರ್ತಿ ಮಳೆಗಾಲ ಅದನ್ನ ಬದುಕಿಸಿ ತೋರಿಸಿ.

ಆ ರೇಟ್ ಬಂದ ದೋಸ್ತ, ನೀನು ಓದ್ತಿದ್ದೀಯ ಅಂತ ಗೊತ್ತು. ಅಡ್ವಾನ್ಸ್ ಕಳಿಸಬೇಡ. ಭಾನುವಾರ ಕುಮಟಾ ಬಸ್ಸಿಗೆ ಬಾ, ಟಿಕೆಟ್ ನಂದು.

#ಶಿರಸಿ #ಸಿದ್ದಾಪುರ #ಯಲ್ಲಾಪುರ #ಅಘನಾಶಿನಿ #ಕಪ್ಪೆಚಿಪ್ಪು